ಸಮ್ಮೋಹನ ಚಿಕಿತ್ಸೆ: ಗೋವೆಯ ಪಾದ್ರಿಯಿಂದ ಅಫ್ಜಲ್ ಗಂಜ್ ಆಸ್ಪತ್ರೆಯವರೆಗೆ

ಪಣಜಿಗೆ ಹೋದವರು ಮಾಂಡೋವಿ ದಂಡೆಯಲ್ಲಿ, ಹಳೆಯ ಆದಿಲ್ ಶಾಹಿ ಅರಮನೆಯ ಪಕ್ಕದಲ್ಲಿ, ಒಂದು ವಿಚಿತ್ರ ವಿಗ್ರಹ ನೋಡಿರಬಹುದು. ನಿಲುವಂಗಿ ತೊಟ್ಟ ಪಾದ್ರಿಯೊಬ್ಬ ಎರಡೂ ಕೈ ಚಾಚಿ ನಿಂತಿದ್ದಾನೆ, ಎದುರಿಗೆ ಒಬ್ಬ ಹೆಂಗಸು ಒರಗಿ ಬಿದ್ದಿದ್ದಾಳೆ. ಮಾಟಗಾರನೇನೋ ಅಂದುಕೊಂಡು ಫೋಟೋ ತೆಗೆಸಿಕೊಂಡು ಬರುವವರೇ ಹೆಚ್ಚು. ಅವನು ಅಬ್ಬೆ ಫಾರಿಯಾ. 1756ರಲ್ಲಿ ಗೋವೆಯ ಕಾಂದೋಳಿಯಲ್ಲಿ ಹುಟ್ಟಿ 1819ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡವನು. ಹಿಪ್ನಾಟಿಸಂ ಅನ್ನುವ ಹೆಸರು ಹುಟ್ಟುವ ಮೊದಲೇ ಅದರ ಗುಟ್ಟನ್ನು ಸರಿಯಾಗಿ ಹಿಡಿದವನು ಈ ಕೊಂಕಣಿ ಮಾತಾಡುವ ಮನುಷ್ಯ.

ಅವನ ಬಗ್ಗೆ ಒಂದು ಕಥೆ ಇದೆ. ಪೋರ್ಚುಗಲ್ ರಾಣಿಯ ಮುಂದೆ ಪ್ರವಚನ ಮಾಡಲು ನಿಂತಾಗ ಗಂಟಲು ಕಟ್ಟಿ ಒಂದು ಶಬ್ದವೂ ಹೊರಡಲಿಲ್ಲವಂತೆ. ಕೆಳಗಿದ್ದ ಅಪ್ಪ ಮೆಲ್ಲಗೆ ಕೊಂಕಣಿಯಲ್ಲಿ "ಕಾತರ್ ರೇ ಭಾಜಿ" ಅಂದನಂತೆ. ಅಂದರೆ, ಎದುರಿಗಿರುವವರೆಲ್ಲ ಬರೀ ತರಕಾರಿ, ಕತ್ತರಿಸಿ ಹಾಕು ಅಂತ! ಮಗನ ಹೆದರಿಕೆ ಹಾರಿಹೋಯಿತು. ಒಂದೇ ಮಾತು ಮನುಷ್ಯನ ಮೈಮನಸ್ಸನ್ನು ಹೀಗೆ ಬದಲಿಸುವುದಾದರೆ ಹೇಗೆ ಅನ್ನುವ ಯೋಚನೆ ಅವನಿಗೆ ಅಲ್ಲಿಂದಲೇ ಹತ್ತಿತು ಅನ್ನುತ್ತಾರೆ. ಕಥೆ ನಿಜವೋ ಸುಳ್ಳೋ, ಸಂಗತಿ ಮಾತ್ರ ಸರಿ.

ಆ ಕಾಲದಲ್ಲಿ ಯುರೋಪಿನಲ್ಲಿ ಮೆಸ್ಮರ್ ಎಂಬ ವೈದ್ಯನ ಗದ್ದಲ. ತನ್ನ ಕೈಯಿಂದ ಕಾಂತದಂಥ ಒಂದು ದ್ರವ ಹರಿದು ರೋಗಿಯನ್ನು ಗುಣಪಡಿಸುತ್ತದೆ ಎಂದು ಅವನ ವಾದ. 1784ರಲ್ಲಿ ಫ್ರಾನ್ಸಿನ ರಾಜ ಸಮಿತಿ ನೇಮಿಸಿದ, ಬೆಂಜಮಿನ್ ಫ್ರಾಂಕ್ಲಿನ್ ಅದರಲ್ಲಿದ್ದರು. ಅಂಥ ದ್ರವವೇನೂ ಇಲ್ಲ, ಎಲ್ಲ ಕಲ್ಪನೆಯ ಕೆಲಸ ಎಂದು ಸಮಿತಿ ಕಡತ ಮುಚ್ಚಿತು. ಫಾರಿಯಾ ಹೇಳಿದ್ದು ಇನ್ನೊಂದು ಹೆಜ್ಜೆ ಮುಂದಿನ ಮಾತು: ಶಕ್ತಿ ಮಾಡಿಸುವವನಲ್ಲಿ ಇಲ್ಲ, ಮಾಡಿಸಿಕೊಳ್ಳುವವನ ಮನಸ್ಸಿನಲ್ಲೇ ಇದೆ. ಅವನು ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ "ಮಲಗು" ಅನ್ನುತ್ತಿದ್ದ, ಅಷ್ಟೇ. ಆಮೇಲೆ ಮ್ಯಾಂಚೆಸ್ಟರಿನ ಡಾಕ್ಟರ್ ಜೇಮ್ಸ್ ಬ್ರೇಡ್ 1843ರಲ್ಲಿ ಪುಸ್ತಕ ಬರೆದು ಹಿಪ್ನಾಟಿಸಂ ಎಂಬ ಹೆಸರನ್ನು ಜನರ ಬಾಯಿಗೆ ತಂದ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ನಡೆದದ್ದು ಯುರೋಪಿನವರನ್ನೂ ಬೆರಗುಗೊಳಿಸಿತು. ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ಸರ್ಜನ್ ಇದ್ದ. 1845ರ ಏಪ್ರಿಲ್ 4ರಂದು ಜೈಲಿನ ಕೈದಿಯೊಬ್ಬ ವೃಷಣದಲ್ಲಿ ನೀರು ತುಂಬಿ ಚಿಕಿತ್ಸೆಗೆ ಬಂದ. ಒಂದು ಕಡೆ ಮಾಡುವಷ್ಟರಲ್ಲೇ ನೋವಿನಿಂದ ಒದ್ದಾಡತೊಡಗಿದ. ಅರಿವಳಿಕೆ ಅನ್ನುವುದೇ ಇಲ್ಲದ ಕಾಲ ಅದು, ನಾಲ್ಕು ಜನ ಹಿಡಿದುಕೊಂಡು ಕೊಯ್ಯುವುದೇ ಪದ್ಧತಿ. ಎಸ್ಡೇಲ್ ಮೆಸ್ಮರಿಸಂ ಬಗ್ಗೆ ಓದಿದ್ದನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ನೋಡೋಣ ಅಂತ ಕೈದಿಯ ಮೈಮೇಲೆ ಕೈಯಾಡಿಸುತ್ತಾ ಹೋದ. ಆಸಾಮಿ ಸೂಜಿ ಚುಚ್ಚಿದರೂ ತಿಳಿಯದಂತೆ ಮಲಗಿಬಿಟ್ಟ.

ಅಲ್ಲಿಂದ ಎಂಟು ತಿಂಗಳಲ್ಲಿ ಎಪ್ಪತ್ತಮೂರು ಶಸ್ತ್ರಚಿಕಿತ್ಸೆ. ಕೈ ತೆಗೆದದ್ದು, ಹತ್ತಾರು ಸೇರು ತೂಗುವ ಗಡ್ಡೆ ಕೊಯ್ದದ್ದು ಎಲ್ಲ ಆ ಪಟ್ಟಿಯಲ್ಲಿವೆ. ನನ್ನಂಥ ಬ್ಯಾಂಕಿನವನಿಗೆ ಪಟ್ಟಿ ಕಂಡರೆ ಮೊದಲು ಕಣ್ಣು ಹೋಗುವುದು ಶೀರ್ಷಿಕೆಯ ಮೇಲೆ. "ನೋವಿಲ್ಲದೆ ಮಾಡಿದ" ಶಸ್ತ್ರಚಿಕಿತ್ಸೆಗಳ ಪಟ್ಟಿ ಅಂತ ಅವನೇ ಹೇಳಿಕೊಂಡಿದ್ದಾನೆ. ಅಂದರೆ ಜಮಾ ಕಡೆಯ ಲೆಕ್ಕ ಮಾತ್ರ ಇದೆ. ಹಾಗಂತ ಎಸ್ಡೇಲ್ ಸುಳ್ಳುಗಾರನಲ್ಲ. ಎಲ್ಲರ ಎದುರಿಗೇ ಮಾಡಿ ತೋರಿಸಿದವನು. 1846ರಲ್ಲಿ ಬಂಗಾಳ ಸರ್ಕಾರ ಸಮಿತಿ ನೇಮಿಸಿ ಪರೀಕ್ಷಿಸಿತು. ಕೆಲವರಿಗೆ ನಿದ್ದೆ ಹತ್ತಲೇ ಇಲ್ಲ, ಹತ್ತಿದವರಲ್ಲಿ ಕೆಲವರು ನಿಜಕ್ಕೂ ಅಲುಗಾಡಲಿಲ್ಲ. ಆ ವರ್ಷದ ಕೊನೆಗೆ ಕಲ್ಕತ್ತೆಯಲ್ಲಿ ಒಂದು ಮೆಸ್ಮರಿಕ್ ಆಸ್ಪತ್ರೆಯೇ ತೆರೆಯಿತು!

ಇದರಲ್ಲಿ ಯಾರೂ ಹೆಚ್ಚು ಹೇಳದ ಮಾತು ಒಂದಿದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ರೋಗಿಯ ಮೇಲೆ ಬಾಗಿ ಕೈಯಾಡಿಸುತ್ತಾ ಕೂತವರು ಎಸ್ಡೇಲ್ ಅಲ್ಲ, ಅವನ ಆಸ್ಪತ್ರೆಯ ಬಂಗಾಳಿ ಕಂಪೌಂಡರುಗಳು, ಡ್ರೆಸ್ಸರುಗಳು. ನಮ್ಮ ಹಳ್ಳಿಗಳಲ್ಲಿ ಮಂತ್ರಿಸಿ ಇಳಿ ತೆಗೆಯುವವರ ಕೈಚಳಕಕ್ಕೂ ಇದಕ್ಕೂ ಹೋಲಿಕೆ ಇದೆ ಅನ್ನುವುದು ಎಸ್ಡೇಲನಿಗೂ ಹೊಳೆದಿತ್ತು. ರೋಗಿಗಳೋ, ಕೈದಿಗಳು ಮತ್ತು ಬಡವರು. ಒಪ್ಪುತ್ತೀರಾ ಅಂತ ಕೇಳಿದವರು ಯಾರು?

ಆದರೆ ಅದೇ 1846ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಬಂತು, ಮರುವರ್ಷ ನವೆಂಬರಿನಲ್ಲಿ ಎಡಿನ್‌ಬರೋದಲ್ಲಿ ಕ್ಲೋರೋಫಾರಂ. ಗಂಟೆಗಟ್ಟಲೆ ಕೈಯಾಡಿಸುವ ಕೆಲಸ ಕೆಲವು ನಿಮಿಷಕ್ಕಿಳಿಯಿತು. ಎಸ್ಡೇಲ್ 1851ರಲ್ಲಿ ಊರಿಗೆ ಹೊರಟುಹೋದ.

ಮುಂದಿನ ಅಧ್ಯಾಯ ನಮ್ಮ ಹೈದರಾಬಾದಿನದು. ಕ್ಲೋರೋಫಾರಂ ಕೊಟ್ಟಾಗ ಒಬ್ಬೊಬ್ಬರು ಮೇಜಿನ ಮೇಲೇ ಸತ್ತುಹೋಗುತ್ತಿದ್ದರು. ನಿಲ್ಲುವುದು ಉಸಿರೋ, ಹೃದಯವೋ? ಇಲ್ಲಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ, ಉಸಿರನ್ನು ಗಮನಿಸುತ್ತಿದ್ದರೆ ಸಾಕು, ಅಪಾಯವಿಲ್ಲ ಎಂದು ಹಟ ಹಿಡಿದ. 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರಂ ಕಮಿಷನ್. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಒಪ್ಪಲಿಲ್ಲ. ಆಗ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟು, ನಿಮ್ಮವರನ್ನೇ ಕಳಿಸಿ ನೋಡಿ ಅಂದರು. 1889ರಲ್ಲಿ ಲಾಡರ್ ಬ್ರಂಟನ್ ಬಂದ. ನೂರಾರು ನಾಯಿ, ಮಂಗಗಳು ಪ್ರಾಣ ಕೊಟ್ಟವು. ತೀರ್ಪು ಲಾರಿಯ ಪರವಾಗಿ ಬಂತು. 1911ರಲ್ಲಿ ಲೆವಿ ಎಂಬ ವೈದ್ಯ, ಅರೆ ಅಮಲಿನಲ್ಲಿ ಹೃದಯವೇ ಥಟ್ಟನೆ ನಿಲ್ಲಬಹುದು ಎಂದು ತೋರಿಸಿಕೊಟ್ಟಾಗ ಆ ತೀರ್ಪೂ ಬಿದ್ದಿತು. ನಿಜಾಮನ ಸಾವಿರ ಪೌಂಡ್ ಹಾಳಾಯಿತು ಅಂತ ನಾನು ಹೇಳುವುದಿಲ್ಲ. ಆ ಗುಂಪಿನಲ್ಲಿ ಪಳಗಿದ ರೂಪಾಬಾಯಿ ಫರ್ದೂನ್‌ಜಿ, ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರು. ಅಫ್ಜಲ್ ಗಂಜ್ ಆಸ್ಪತ್ರೆ 1908ರ ಮೂಸಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆಮೇಲೆ ಅಲ್ಲಿ ಎದ್ದದ್ದೇ, ಬೀದರ್, ಗುಲ್ಬರ್ಗಾ, ರಾಯಚೂರಿನ ನಮ್ಮ ಜನಕ್ಕೆ ಗೊತ್ತಿರುವ ಉಸ್ಮಾನಿಯಾ ಆಸ್ಪತ್ರೆ.

ಹಾಗಾದರೆ ಸಮ್ಮೋಹನ ಸತ್ತೇಹೋಯಿತೇ? ಇಲ್ಲ. ಬ್ರಿಟಿಷ್ ವೈದ್ಯರ ಸಂಘ 1955ರಲ್ಲಿ, ಅಮೆರಿಕದ್ದು 1958ರಲ್ಲಿ ಅದಕ್ಕೆ ಚಿಕಿತ್ಸೆಯ ಸ್ಥಾನ ಕೊಟ್ಟವು. ಅದೇ ಮ್ಯಾಂಚೆಸ್ಟರಿನಲ್ಲಿ 1984ರಲ್ಲಿ ಪೀಟರ್ ವೋರ್ವೆಲ್, ಯಾವ ಔಷಧಕ್ಕೂ ಬಗ್ಗದ ಕರುಳಿನ ತೊಂದರೆ (ಐಬಿಎಸ್) ಇದ್ದ ಮೂವತ್ತು ಜನರ ಮೇಲೆ ಪ್ರಯೋಗ ಮಾಡಿದ. ಸಮ್ಮೋಹನ ಪಡೆದವರು ಬೇರೆಯವರಿಗಿಂತ ಬಹಳ ಚೇತರಿಸಿಕೊಂಡರು. ಬೆಲ್ಜಿಯಂನ ಲಿಯೇಜ್‌ನಲ್ಲಿ 1992ರಿಂದ, ಪೂರ್ತಿ ಅರಿವಳಿಕೆಯ ಬದಲು ಸ್ವಲ್ಪ ಔಷಧ ಮತ್ತು ಸಮ್ಮೋಹನ ಸೇರಿಸಿ ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡುತ್ತಾ ಬಂದಿದ್ದಾರೆ. ಅಲ್ಲಿ ರೋಗಿ ನಿದ್ದೆಯಲ್ಲಿ ಇರುವುದೇ ಇಲ್ಲ! ಒಂದೇ ಕಡೆ ಗಮನ ನೆಟ್ಟು, ಹೇಳಿದ ಮಾತನ್ನು ಒಳಗೆ ತೆಗೆದುಕೊಳ್ಳುವ ಸ್ಥಿತಿ ಅದು. ನೋವು, ಆತಂಕ, ಹಲ್ಲು ಕೀಳಿಸುವ ಭಯ, ಇಂಥವಕ್ಕೆ ಉಪಯೋಗ. ಎಲ್ಲರಿಗೂ ಒಂದೇ ಸಮ ಹತ್ತುವುದಿಲ್ಲ.

ಪೂರ್ವಜನ್ಮದ ನೆನಪು ತರಿಸುತ್ತೇವೆ ಅಂತ ಸಾವಿರಗಟ್ಟಲೆ ಕೇಳುವವರು ಎಲ್ಲ ದೊಡ್ಡ ಊರುಗಳಲ್ಲೂ ಇದ್ದಾರೆ. ಅದಕ್ಕೆ ಆಧಾರವಿಲ್ಲ. ಆ ಸ್ಥಿತಿಯಲ್ಲಿ ಮನಸ್ಸು ಕೇಳಿದ್ದನ್ನೆಲ್ಲ ಕಟ್ಟಿಕೊಡುತ್ತದೆ, ಆಮೇಲೆ ಅದನ್ನೇ ನಿಜವೆಂದು ನಂಬುತ್ತದೆ. ನಮ್ಮ ಕೇಂದ್ರ ಆರೋಗ್ಯ ಇಲಾಖೆ 2003ರ ನವೆಂಬರಿನ ಆದೇಶದಲ್ಲಿ ಹಿಪ್ನೋಥೆರಪಿಯನ್ನು ಚಿಕಿತ್ಸೆಯ ಒಂದು ವಿಧಾನವೆಂದು ಒಪ್ಪಿದೆ. ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಪಡೆದವರು ಮಾಡಬಹುದು. ಆದ್ದರಿಂದ ಹೋಗುವವರು ಮೊದಲು ಕೇಳಬೇಕಾದದ್ದು ಅವರ ನೋಂದಣಿ ಯಾವುದು, ತರಬೇತಿ ಎಲ್ಲಿಯದು ಅಂತ. ತೀವ್ರ ಖಿನ್ನತೆಯೋ, ಇಲ್ಲದ ದನಿ ಕೇಳಿಸುವುದೋ ಇದ್ದರೆ ಮಾತ್ರ ನೇರವಾಗಿ ಮನೋವೈದ್ಯರ ಹತ್ತಿರವೇ ಹೋಗಿ.