ಪ್ರಯಾಣ, ಓಟ, ಕಾಲುನೋವು: ಎಲ್ಲಕ್ಕೂ ಕಂಪ್ರೆಷನ್ ಸಾಕ್ಸ್ ಪರಿಹಾರವೇ?

ಕಾಲಿನ ಯಾವ ತೊಂದರೆಗೂ ಕಂಪ್ರೆಷನ್ ಸಾಕ್ಸ್ ಸಾಕು ಎನ್ನುವ ಮಾತು ನಿಜವೇ? ನಾವು ಪರಿಶೀಲಿಸಿದ್ದೇವೆ.

ಕೆಲಸ ಹೇಗೆ?
ಈ ಸಾಕ್ಸ್ ಪಾದದ ಗಂಟಿನ ಬಳಿ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ. ಕಾಲಿನ ರಕ್ತ ಹೃದಯದತ್ತ ಮರಳಲು ಇದು ನೆರವಾಗುತ್ತದೆ.

ಪ್ರಯಾಣ
ದೀರ್ಘ ವಿಮಾನ ಪ್ರಯಾಣದ ಅಧ್ಯಯನಗಳನ್ನು ಕೊಕ್ರೇನ್ ಸಂಸ್ಥೆ ಒಟ್ಟುಗೂಡಿಸಿ ನೋಡಿದೆ. 2,637 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಾಕ್ಸ್ ಧರಿಸಿದ್ದರು. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಂಡದ್ದು 50 ಜನರಲ್ಲಿ. ಅವರಲ್ಲಿ ಸಾಕ್ಸ್ ಧರಿಸಿದ್ದವರು 3 ಮಂದಿ ಮಾತ್ರ. ಆದರೆ ನಂಜನಗೂಡು ಅಥವಾ ಟಿ. ನರಸೀಪುರದಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗಿಬರುವ ಆರೋಗ್ಯವಂತರಿಗೆ ಇದು ಬೇಕಿಲ್ಲ.

ವ್ಯಾಯಾಮ
ಓಟದ ವೇಗ ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆಮೇಲಿನ ಸ್ನಾಯುನೋವು ಕೆಲವರಿಗೆ ತುಸು ಕಡಿಮೆಯಾಗಬಹುದು.

ಯಾರು ಎಚ್ಚರವಹಿಸಬೇಕು?
ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಇದರಿಂದ ಹಾನಿಯಾಗಬಹುದು. ಮೊದಲು ವೈದ್ಯರನ್ನು ಕೇಳಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಸಾಕ್ಸ್ ಹುಡುಕುತ್ತಾ ಕೂರಬೇಡಿ. ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಜೊತೆಗೆ ಎದೆನೋವು, ಏದುಸಿರು ಇದ್ದರೆ ತಕ್ಷಣ 108ಕ್ಕೆ ಕರೆ ಮಾಡಿ.

ತೀರ್ಮಾನ
ಅರ್ಧ ಸತ್ಯ. ದೀರ್ಘ ವಿಮಾನ ಪ್ರಯಾಣಕ್ಕೆ ಉಪಯುಕ್ತ. ಎಲ್ಲರಿಗೂ, ಎಲ್ಲಕ್ಕೂ ಅಲ್ಲ.