ಈಟಿ: ಪದವೊಂದರ ಪಯಣ

ಯೊವಾನ್ನನ ಶುಭಸಂದೇಶದ 19ನೇ ಅಧ್ಯಾಯದ 34ನೇ ವಾಕ್ಯದಲ್ಲಿ ಸೈನಿಕನೊಬ್ಬನು ಯೇಸುವಿನ ಪಕ್ಕೆಯನ್ನು ಈಟಿಯಿಂದ ತಿವಿಯುತ್ತಾನೆ. ಗ್ರೀಕ್ ಮೂಲದಲ್ಲಿ ಆ ಆಯುಧದ ಹೆಸರು ‘ಲೋಂಖೆ’. ಈಟಿಯ ಅಲಗಿಗೂ ಇಡೀ ಈಟಿಗೂ ಸಲ್ಲುವ ಪದವಿದು. ಲತೀನ್ ಅನುವಾದ ಇದನ್ನು ‘ಲಾಂಚೆಯ’ ಎಂದಿತು. ಯೇಸು ಆಗಲೇ ಪ್ರಾಣಬಿಟ್ಟಿದ್ದರೆಂದು ಹಿಂದಿನ ವಾಕ್ಯವೇ ಹೇಳುತ್ತದೆ. ಎಂದರೆ ಈ ಈಟಿ ಅವರನ್ನು ಕೊಂದ ಆಯುಧವಲ್ಲ. ಅದು ಮರಣಕ್ಕೆ ಸಾಕ್ಷಿಯಾಯಿತು. ಅದು ಮಾಡಿದ ಗಾಯದಿಂದ ರಕ್ತವೂ ನೀರೂ ಹರಿದವು.

ಇಲ್ಲಿ ಕ್ರಿಯಾಪದವನ್ನೂ ಗಮನಿಸಬೇಕು. ಗ್ರೀಕ್ ಪಾಠದಲ್ಲಿರುವುದು ‘ತಿವಿದನು’ ಎಂದು. ಲತೀನ್ ಪಾಠದಲ್ಲಿರುವುದು ‘ತೆರೆದನು’ ಎಂದು. ಗ್ರೀಕಿನಲ್ಲಿ ಈ ಎರಡು ಕ್ರಿಯಾರೂಪಗಳು ಒಂದನ್ನೊಂದು ಹೋಲುತ್ತವೆ. ಸಂತ ಅಗುಸ್ತೀನರು ಯೊವಾನ್ನನ ಕುರಿತಾದ ತಮ್ಮ 120ನೇ ಪ್ರಬೋಧನೆಯಲ್ಲಿ ಲತೀನ್ ಪಾಠವನ್ನೇ ಆಧರಿಸಿ, ಅಲ್ಲಿ ಜೀವದ ಬಾಗಿಲು ತೆರೆಯಿತು, ಧರ್ಮಸಭೆಯ ಸಂಸ್ಕಾರಗಳು ಅಲ್ಲಿಂದಲೇ ಹರಿದುಬಂದವು ಎಂದು ಬೋಧಿಸಿದರು. ಪಾಠಭೇದವೊಂದು ದೈವಶಾಸ್ತ್ರಕ್ಕೆ ಹೀಗೆ ದಾರಿಮಾಡಿಕೊಟ್ಟಿತು.

ಶುಭಸಂದೇಶ ಆ ಸೈನಿಕನ ಹೆಸರನ್ನು ಹೇಳುವುದಿಲ್ಲ. ಮುಂದಿನ ಪರಂಪರೆ ಅವನನ್ನು ‘ಲೊಂಗಿನುಸ್’ ಎಂದು ಕರೆಯಿತು. ‘ಲೋಂಖೆ’ಯಿಂದಲೇ ಈ ಹೆಸರು ಹುಟ್ಟಿರಬೇಕೆಂಬುದು ವಿದ್ವಾಂಸರ ಅಭಿಮತ. 586ರ ಸಿರಿಯಾದ ರಬ್ಬುಲ ಹಸ್ತಪ್ರತಿಯ ಶಿಲುಬೆಯ ಚಿತ್ರದಲ್ಲಿ ಈಟಿ ಹಿಡಿದವನ ಬಳಿ ಆ ಹೆಸರು ಬರೆದಿದೆ. ಆಯುಧದ ಹೆಸರು ಮನುಷ್ಯನ ಹೆಸರಾಯಿತು. ಆ ಮನುಷ್ಯ ಪರಂಪರೆಯಲ್ಲಿ ಸಂತನಾದ.

ಆದರೆ ಇತಿಹಾಸ ಇನ್ನೊಂದು ದಾರಿಯನ್ನೂ ಹಿಡಿಯಿತು. 1098ರ ಜೂನ್‌ನಲ್ಲಿ, ಮುತ್ತಿಗೆಗೆ ಸಿಲುಕಿದ್ದ ಅಂತಿಯೋಕ್ಯದಲ್ಲಿ, ಪೇತ್ರ ಬಾರ್ತೊಲೊಮ್ಯು ಎಂಬಾತನ ದರ್ಶನವನ್ನು ನಂಬಿ ಸಂತ ಪೇತ್ರರ ದೇವಾಲಯದ ನೆಲವನ್ನು ಅಗೆದಾಗ ಕಬ್ಬಿಣದ ತುಂಡೊಂದು ದೊರೆಯಿತು. ಧರ್ಮಾಧ್ಯಕ್ಷ ಅದೆಮಾರರು ಸಂಶಯಪಟ್ಟರು. ಆದರೂ ಹಸಿದಿದ್ದ ಪಡೆ ಅದನ್ನು ಮುಂದಿಟ್ಟುಕೊಂಡು ಕಾದಾಡಿ ಗೆದ್ದಿತು. ಮರುವರ್ಷ ಪೇತ್ರನು ತನ್ನ ಮಾತಿನ ಸತ್ಯವನ್ನು ಸಾಧಿಸಲು ಬೆಂಕಿಯ ನಡುವೆ ನಡೆದು, ಕೆಲವೇ ದಿನಗಳಲ್ಲಿ ಮಡಿದನು. ಅದೇ ವರ್ಷದ ಜುಲೈನಲ್ಲಿ ಜೆರುಸಲೇಮಿನ ಬೀದಿಗಳಲ್ಲಿ ಶಿಲುಬೆಯ ಯೋಧರು ನಡೆಸಿದ ಹತ್ಯೆಯನ್ನು ನಾವು ಮರೆಯುವಂತಿಲ್ಲ. ಪಕ್ಕೆಯನ್ನು ತೆರೆದ ಈಟಿಯನ್ನು ಧರ್ಮಸಭೆಯ ಮಕ್ಕಳೇ ವಿಜಯದ ಲಾಂಛನವಾಗಿ ಮಾಡಿಕೊಂಡಿದ್ದರು.

ಪೂರ್ವದ ಆರಾಧನಾಕ್ರಮ ಈ ಪದವನ್ನು ಬೇರೆ ಬಗೆಯಲ್ಲಿ ಕಾಪಾಡಿತು. ಬಿಜಾಂಟಿಯನ್ ವಿಧಿಯಲ್ಲಿ ಬಲಿಪೂಜೆಯ ರೊಟ್ಟಿಯನ್ನು ಕತ್ತರಿಸುವ ಚಿಕ್ಕ ಚೂರಿಗೂ ‘ಲೋಂಖೆ’ ಎಂದೇ ಹೆಸರು. ಯಾಜಕನ ಕೈಯಲ್ಲಿರುವ ಆ ಅಲಗು ಯಾರನ್ನೂ ಗಾಯಗೊಳಿಸುವುದಿಲ್ಲ. ಹಂಚುವುದಕ್ಕಾಗಿ ರೊಟ್ಟಿಯನ್ನು ಸಿದ್ಧಗೊಳಿಸುತ್ತದೆ. ಈಟಿಗಳನ್ನು ಕುಡುಗೋಲುಗಳನ್ನಾಗಿ ಮಾಡುವ ದಿನವನ್ನು ಕಂಡ ಯೆಶಾಯನ ದರ್ಶನಕ್ಕೆ ಇದು ಸಮೀಪವಾಗಿದೆ.

ನಮ್ಮ ನೆಲದ ಪರಂಪರೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಈಟಿಯ ಗಾಯದಲ್ಲಿ ಕೈಯಿಡಬೇಕೆಂದ ಸಂತ ತೋಮಾಸರು ಈಟಿಯಿಂದಲೇ ರಕ್ತಸಾಕ್ಷಿಯಾದರೆಂದು ಮೂರನೆಯ ಶತಮಾನದ ‘ತೋಮಾಸನ ಕಾರ್ಯಗಳು’ ಹೇಳುತ್ತದೆ. ಮೈಲಾಪುರದ ಪರಂಪರೆಯೂ ಅದನ್ನೇ ನೆನೆಯುತ್ತದೆ. ಪ್ರೇಷಿತರು ಈಟಿಯನ್ನು ಎತ್ತಿ ಹಿಡಿಯಲಿಲ್ಲ, ಅದನ್ನು ತಮ್ಮ ದೇಹದಲ್ಲಿ ಸ್ವೀಕರಿಸಿದರು. ಶುಭ ಶುಕ್ರವಾರದಂದು ಈ ವಾಕ್ಯವನ್ನು ವಿವರಿಸಲು ನಿಲ್ಲುವ ನಾವು, ಇರಿದ ಕೈಯ ಕಡೆಗಲ್ಲ, ತೆರೆದ ಪಕ್ಕೆಯ ಕಡೆಗೆ ಜನರ ಕಣ್ಣನ್ನು ತಿರುಗಿಸೋಣ.