ಟೀ ಗೌನ್ ಮತ್ತು ಬಿಳಿಯ ಲೇಸು

ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ರಾಜರ ಕಿರೀಟಗಳಿಗೆ ಸಿಗುವ ಸ್ಥಾನ ಹೆಂಗಸರ ಉಡುಪಿಗೆ ಸಿಗುವುದಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಿರಿವಂತ ಗೃಹಿಣಿಯ ಬದುಕನ್ನು ಅರಿಯಬೇಕಾದರೆ ಆಕೆಯ ಕಾರ್ಸೆಟ್ಟಿನಿಂದಲೇ ಆರಂಭಿಸಬೇಕೆಂದು ನನ್ನ ಅಭಿಪ್ರಾಯ. ಉಕ್ಕಿನ ಪಟ್ಟಿಗಳನ್ನೋ ತಿಮಿಂಗಿಲದ ಬಾಯಿಯಿಂದ ತೆಗೆದ ಬಾಗುವ ಪಟ್ಟಿಗಳನ್ನೋ ಇಟ್ಟು ಹೊಲಿದು, ಬೆನ್ನ ಹಿಂದೆ ದಾರದಿಂದ ಬಿಗಿಯುತ್ತಿದ್ದ ಒಳಕವಚವದು. (ತಿಮಿಂಗಿಲದ ಎಲುಬೆಂದೇ ಅದಕ್ಕೆ ಹೆಸರು, ವಾಸ್ತವದಲ್ಲಿ ಅದು ಎಲುಬೇ ಅಲ್ಲ.) ಬೆಳಗಿಗೊಂದು, ಹೊರಗೆ ಹೋಗಲೊಂದು, ರಾತ್ರಿಯ ಭೋಜನಕ್ಕೊಂದು ಎಂದು ದಿನಕ್ಕೆ ಹಲವು ಸಲ ಉಡುಪು ಬದಲಾದರೂ ಈ ಬಿಗಿತ ಬದಲಾಗುತ್ತಿರಲಿಲ್ಲ.

1870ರ ದಶಕದಲ್ಲಿ ಬಂದ ‘ಟೀ ಗೌನ್’ ಇದಕ್ಕೊಂದು ವಿರಾಮ ಕೊಟ್ಟಿತು. ಸಂಜೆ ಐದರ ಸುಮಾರಿಗೆ ಅತಿಥಿಗಳು ಚಹಾಕ್ಕೆ ಬರುವ ಹೊತ್ತಿನಲ್ಲಿ, ಕಾರ್ಸೆಟ್ಟನ್ನು ಸಡಿಲಿಸಿಯೋ ತೆಗೆದಿಟ್ಟೋ ಮನೆಯೊಡತಿ ಧರಿಸುತ್ತಿದ್ದ ನೀಳ ಉಡುಪು ಅದು. ಬೆನ್ನಿನಿಂದ ನೆಲದವರೆಗೆ ಇಳಿಯುವ ನೆರಿಗೆಯನ್ನು ಹದಿನೆಂಟನೆಯ ಶತಮಾನದ ಫ್ರೆಂಚ್ ಗೌನಿನಿಂದಲೂ, ಸಡಿಲತೆಯನ್ನು ಜಪಾನಿನ ಕಿಮೋನೋದಿಂದಲೂ ಎರವಲು ಪಡೆದಿದ್ದರು. ಕುತ್ತಿಗೆ, ತೋಳುಗಳಿಗೆ ಲೇಸು. ಲಂಡನ್ನಿನ ಲಿಬರ್ಟಿ ಅಂಗಡಿ 1884ರಲ್ಲಿ ಉಡುಪಿನ ವಿಭಾಗವನ್ನು ತೆರೆದು ಇಂಥ ಸಡಿಲ ಉಡುಪುಗಳಿಗೆ ಗೌರವ ತಂದಿತು. ಆದರೂ ಮೊದಮೊದಲು ಇದು ವಿವಾಹಿತೆಯರಿಗೆ ಮಾತ್ರ ಒಪ್ಪುವಂಥದ್ದು, ಅದೂ ಹೊಸ್ತಿಲೊಳಗೆ. ಉಸಿರಾಡುವುದಕ್ಕೂ ವೇಳಾಪಟ್ಟಿ!

ಸುಮಾರು 1900ರಿಂದ ಮೊದಲ ಮಹಾಯುದ್ಧದವರೆಗೆ ಬೇಸಿಗೆಯಲ್ಲಿ ಹೊರಗೆ ಧರಿಸುತ್ತಿದ್ದ ಬಿಳಿಯ ಲೇಸು ಉಡುಪಿನ ಕಥೆ ಬೇರೆ. ಒಳ ಉಡುಪಿನ ತೆಳುವಾದ ಹತ್ತಿಬಟ್ಟೆಯನ್ನೇ ಹೊರಗೆ ಬಳಸಿದ್ದರಿಂದ ಅದಕ್ಕೆ ‘ಲಿಂಜರಿ ಡ್ರೆಸ್’ ಎಂಬ ಹೆಸರು. ನೋಡಲು ಮಂಜಿನಷ್ಟು ಹಗುರ. ಒಳಗೆ ಮಾತ್ರ ಎದೆಯನ್ನು ಮುಂದಕ್ಕೂ ನಿತಂಬವನ್ನು ಹಿಂದಕ್ಕೂ ತಳ್ಳುವ ಕಾರ್ಸೆಟ್ಟು ಭದ್ರವಾಗಿತ್ತು. ಈ ಉಡುಪಿನ ಚಿತ್ರಗಳನ್ನು ನೋಡುವಾಗಲೆಲ್ಲ ನನ್ನ ಕಣ್ಣು ಹೋಗುವುದು ಅದರ ಸಣ್ಣ ಸಣ್ಣ ಮಡಿಕೆಗಳ ಮೇಲೆ. ಬಿಳಿಬಟ್ಟೆ ಕೊಳೆಯಾಗಲು ಎಷ್ಟು ಹೊತ್ತು? ಅದನ್ನು ಒಗೆದು, ಗಂಜಿ ಹಾಕಿ, ಒಲೆಯ ಮೇಲೆ ಕಾಯಿಸಿದ ಇಸ್ತ್ರಿಪೆಟ್ಟಿಗೆಯಿಂದ ಒಂದೊಂದು ಮಡಿಕೆಯನ್ನೂ ತೀಡುತ್ತಿದ್ದವಳು ಮನೆಗೆಲಸದವಳು, ಇಲ್ಲವೇ ಅಗಸಗಿತ್ತಿ. ಆಕೆಯ ಚಿತ್ರ ತೆಗೆಸಿದವರು ವಿರಳ.

ಲೇಸಿನ ಹಿಂದೆಯೂ ಇಂಥವರೇ ಇದ್ದರು. ಜಾನ್ ಹೀತ್‌ಕೋಟ್ 1808–09ರಲ್ಲಿ ಲೇಸಿನ ಬಲೆಯನ್ನು ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದ. 1816ರಲ್ಲಿ ಯಂತ್ರವಿರೋಧಿ ಕೆಲಸಗಾರರು ಲಫ್‌ಬರೋದಲ್ಲಿದ್ದ ಅವನ ಯಂತ್ರಗಳನ್ನು ಒಡೆದುಹಾಕಿದರು. ಆತ ಡೆವನ್ ಪ್ರಾಂತಕ್ಕೆ ಹೋಗಿ ಮತ್ತೆ ಕಾರ್ಖಾನೆ ನಡೆಸಿದ. ಮುಂದೆ ನಾಟಿಂಗ್‌ಹ್ಯಾಮ್, ಕ್ಯಾಲೆ ಊರುಗಳ ಕಾರ್ಖಾನೆಗಳಿಂದ ಲೇಸು ಗಜಗಟ್ಟಲೆ ಬಂದಿತು. ಸಾಮಾನ್ಯ ಹುಡುಗಿಗೂ ಲೇಸು ಎಟುಕಿದ್ದು ಹೀಗೆ. ಕೈಯಿಂದ ಲೇಸು ಹೆಣೆದು ಹೊಟ್ಟೆ ಹೊರೆಯುತ್ತಿದ್ದ ಹಳ್ಳಿಯ ಹೆಂಗಸರು ಕೂಲಿ ಕಳೆದುಕೊಂಡದ್ದೂ ಹೀಗೆಯೇ.

ಸುಮಾರು 1907ರಲ್ಲಿ ವೆನಿಸ್ಸಿನ ಮರಿಯಾನೋ ಫೋರ್ತೂನಿ ‘ಡೆಲ್ಫೋಸ್’ ಎಂಬ ರೇಷ್ಮೆಯ ಗೌನನ್ನು ರೂಪಿಸಿದ. ಕೂದಲೆಳೆಯಂಥ ನೆರಿಗೆ, ಅಂಚಿನಲ್ಲಿ ಗಾಜಿನ ಮಣಿ. ಕಾರ್ಸೆಟ್ಟಿಲ್ಲದೆ ತೊಡುವುದಕ್ಕೆಂದೇ ಮಾಡಿದ್ದು. ಅದನ್ನೂ ಮೊದಲು ಟೀ ಗೌನೆಂದು ಮನೆಯೊಳಗೇ ಇರಿಸಿದರು. 1920ರ ದಶಕದ ಹೊತ್ತಿಗೆ ಅದನ್ನೇ ಉಟ್ಟು ಹೆಂಗಸರು ಹೊರಗೆ ಬರತೊಡಗಿದ್ದರು.